ರುಡಾಲ್ಫ್ ಡೀಸೆಲ್: ಬಂಕಿನ ಬೋರ್ಡಿನಲ್ಲಿ ಉಳಿದ ಹೆಸರು

ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿ ಪಿಕಪ್ ಗಾಡಿ ಓಡಾಡದ ರಸ್ತೆ ಇಲ್ಲ. ಹಿರಿಯೂರಿನ ಈರುಳ್ಳಿ, ಹೊಸದುರ್ಗದ ತೆಂಗಿನಕಾಯಿ, ಹೊಳಲ್ಕೆರೆಯ ಅಡಿಕೆ ಎಲ್ಲವೂ ತೋಟ, ಹೊಲಗಳಿಂದ ಹೊರಡುವುದು ಹೆಚ್ಚಾಗಿ ಇಂತಹ ಗಾಡಿಗಳಲ್ಲೇ. ನಮ್ಮ ಕಾಲೇಜಿನ ಎಷ್ಟೋ ವಿದ್ಯಾರ್ಥಿಗಳ ಮನೆ ನಡೆಯುವುದು ಇಂತಹ ಒಂದು ಗಾಡಿಯ ಬಾಡಿಗೆಯಿಂದ. ಹೊಸ ಗಾಡಿ ಕೊಳ್ಳುವ ಮಾತು ಬಂದಾಗ ಪ್ರತಿ ಮನೆಯಲ್ಲೂ ಒಂದೇ ಪ್ರಶ್ನೆ ಏಳುತ್ತದೆ. ಡೀಸೆಲ್ ಗಾಡಿಯೋ, ಗ್ಯಾಸ್ ಗಾಡಿಯೋ?

ಡೀಸೆಲ್ ಎಂಬುದು ಎಣ್ಣೆಯ ಹೆಸರು ಎಂದೇ ನಮ್ಮಲ್ಲಿ ಹೆಚ್ಚಿನವರು ತಿಳಿದಿದ್ದೇವೆ. ಆದರೆ ಅದು ಮೊದಲು ಒಬ್ಬ ಮನುಷ್ಯನ ಹೆಸರು. ಅವರು ಸತ್ತು ನೂರು ವರ್ಷಕ್ಕಿಂತ ಹೆಚ್ಚಾಗಿದೆ. ಅವರ ಜೀವನದ ಕಥೆ ತಿಳಿದರೆ ಈ ಪ್ರಶ್ನೆಗೂ ಒಂದು ದಾರಿ ಸಿಗುತ್ತದೆ ಎಂದು ನನಗೆ ಅನಿಸಿದ್ದರಿಂದ ಈ ಲೇಖನ ಬರೆಯುತ್ತಿದ್ದೇನೆ.

ಬಡ ಮನೆಯ ಹುಡುಗ

ರುಡಾಲ್ಫ್ ಡೀಸೆಲ್ ಹುಟ್ಟಿದ್ದು 1858ರ ಮಾರ್ಚ್ 18ರಂದು, ಫ್ರಾನ್ಸ್ ದೇಶದ ಪ್ಯಾರಿಸ್ ನಗರದಲ್ಲಿ. ತಂದೆ ತಾಯಿ ಇಬ್ಬರೂ ಜರ್ಮನಿಯ ಬವೇರಿಯಾ ಪ್ರಾಂತ್ಯದವರು. ತಂದೆ ಥಿಯೋಡೋರ್ ಪುಸ್ತಕಗಳಿಗೆ ರಟ್ಟು ಕಟ್ಟುವ, ಚರ್ಮದ ಸಾಮಾನು ಮಾಡುವ ಕೆಲಸಗಾರ. ಮನೆಯಲ್ಲಿ ಹಣ ಕಡಿಮೆ, ಮನೆಯ ಭಾಷೆ ಬೇರೆ, ಬೀದಿಯ ಭಾಷೆ ಬೇರೆ. ಮನೆಯಲ್ಲಿ ಉರ್ದು, ತರಗತಿಯಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್ ಎಂದು ಓದುವ ನಮ್ಮಂಥವರಿಗೆ ಆ ಹುಡುಗನ ಸ್ಥಿತಿ ಅರ್ಥವಾಗುವುದು ಕಷ್ಟವಲ್ಲ.

1870ರಲ್ಲಿ ಫ್ರಾನ್ಸ್ ಮತ್ತು ಪ್ರಷ್ಯಾ ನಡುವೆ ಯುದ್ಧ ಶುರುವಾಯಿತು. ಪ್ಯಾರಿಸ್‌ನಲ್ಲಿದ್ದ ಜರ್ಮನ್ ಕುಟುಂಬಗಳು ಊರು ಬಿಡಬೇಕಾಯಿತು. ಡೀಸೆಲ್ ಕುಟುಂಬ ಲಂಡನ್ನಿಗೆ ಹೋಯಿತು. ಅಲ್ಲಿಯೂ ಬದುಕು ಕಷ್ಟವಾದಾಗ ಹನ್ನೆರಡು ವರ್ಷದ ರುಡಾಲ್ಫ್‌ನನ್ನು ಜರ್ಮನಿಯ ಆಗ್ಸ್‌ಬರ್ಗ್ ಊರಿನಲ್ಲಿದ್ದ ಬಂಧುಗಳ ಮನೆಗೆ ಕಳುಹಿಸಿದರು. ಆ ಮನೆಯ ಯಜಮಾನರು ಗಣಿತದ ಮೇಷ್ಟ್ರು. ಅಲ್ಲಿ ಓದಿ ಹುಡುಗ ತರಗತಿಗೆ ಮೊದಲಿಗನಾದ. ತಾನು ಎಂಜಿನಿಯರ್ ಆಗಬೇಕು ಎಂದು ಆ ವಯಸ್ಸಿನಲ್ಲೇ ತೀರ್ಮಾನಿಸಿದ. ಬೇಗ ದುಡಿಯಲು ಹೋಗಲಿ ಎಂಬುದು ತಂದೆ ತಾಯಿಯ ಇಷ್ಟವಾಗಿತ್ತು. ಆದರೆ 1875ರಲ್ಲಿ ಮ್ಯೂನಿಕ್ ನಗರದ ತಾಂತ್ರಿಕ ಕಾಲೇಜಿನಲ್ಲಿ ಓದಲು ವಿದ್ಯಾರ್ಥಿವೇತನ ಸಿಕ್ಕಿತು. ಅವರು ಓದನ್ನೇ ಆರಿಸಿಕೊಂಡರು.

ಅಲ್ಲಿ ಅವರಿಗೆ ಸಿಕ್ಕ ಗುರು ಕಾರ್ಲ್ ವಾನ್ ಲಿಂಡೆ. ಯಂತ್ರದಿಂದ ಐಸ್ ಮಾಡುವ ವಿದ್ಯೆಯಲ್ಲಿ ಲಿಂಡೆಯವರದು ದೊಡ್ಡ ಹೆಸರು. ಆಗ ಕಾರ್ಖಾನೆ, ರೈಲು, ಹಡಗು ಎಲ್ಲವೂ ಉಗಿಯಂತ್ರದಿಂದ ನಡೆಯುತ್ತಿದ್ದವು. ಕಲ್ಲಿದ್ದಲು ಉರಿದಾಗ ಬರುವ ಶಾಖದಲ್ಲಿ ನೂರಕ್ಕೆ ಸುಮಾರು ತೊಂಬತ್ತು ಪಾಲು ವ್ಯರ್ಥವಾಗಿ ಹೋಗುತ್ತದೆ, ಹತ್ತು ಪಾಲು ಮಾತ್ರ ಕೆಲಸಕ್ಕೆ ಬರುತ್ತದೆ ಎಂದು ಲಿಂಡೆ ತರಗತಿಯಲ್ಲಿ ತೋರಿಸಿಕೊಟ್ಟರು. ಈ ನಷ್ಟದ ಲೆಕ್ಕ ವಿದ್ಯಾರ್ಥಿ ಡೀಸೆಲ್ ಮನಸ್ಸಿನಲ್ಲಿ ಕೂತುಬಿಟ್ಟಿತು. 1879ರಲ್ಲಿ ಟೈಫಾಯಿಡ್ ಬಂದು ಕೊನೆಯ ಪರೀಕ್ಷೆ ತಪ್ಪಿತು. ಮುಂದಿನ ಜನವರಿಯಲ್ಲಿ ಪರೀಕ್ಷೆ ಬರೆದು ಅತ್ಯುತ್ತಮ ಅಂಕಗಳೊಂದಿಗೆ ತೇರ್ಗಡೆಯಾದರು.

ಗ್ಯಾಸ್ ಎಂಜಿನ್ ಮೊದಲೇ ಇತ್ತು

ಡೀಸೆಲ್ ಎಂಜಿನ್ನಿಗಿಂತ ಮೊದಲೇ ಗ್ಯಾಸ್ ಎಂಜಿನ್ ಬಂದಿತ್ತು ಎಂಬುದು ನನಗೆ ಆಶ್ಚರ್ಯ ತಂದ ಸಂಗತಿ. ನಿಕೊಲಾಸ್ ಆಟೋ ಎಂಬ ಇನ್ನೊಬ್ಬ ಜರ್ಮನ್ 1876ರಲ್ಲಿ ನಾಲ್ಕು ಹಂತದ ಎಂಜಿನ್ ಮಾಡಿದ್ದರು. ಅದು ಉರಿಸುತ್ತಿದ್ದದ್ದು ಕಲ್ಲಿದ್ದಲಿನಿಂದ ತೆಗೆದ ಗ್ಯಾಸ್. ಇಂದಿನ ಪೆಟ್ರೋಲ್ ಮತ್ತು ಸಿಎನ್‌ಜಿ ಎಂಜಿನ್‌ಗಳು ಅದೇ ವಂಶದವು. ಗಾಳಿ ಮತ್ತು ಇಂಧನ ಮೊದಲೇ ಬೆರೆತು ಒಳಗೆ ಹೋಗುತ್ತವೆ, ಮಿಶ್ರಣವನ್ನು ಒತ್ತಿ ಕಿಡಿಯಿಂದ ಹೊತ್ತಿಸಲಾಗುತ್ತದೆ.

ಆಟೋ ಎಂಜಿನ್ ಒಳ್ಳೆಯದೇ. ಆದರೆ ಅದಕ್ಕೆ ಬೇಕಾದ ಗ್ಯಾಸ್ ಸಿಗುತ್ತಿದ್ದದ್ದು ನಗರದ ಪೈಪಿನಲ್ಲಿ. ಪೈಪ್ ಹೋಗದ ಹಳ್ಳಿಯವನಿಗೆ ಅದರಿಂದ ಪ್ರಯೋಜನ ಕಡಿಮೆ. ಎಲ್ಲಿ ಬೇಕಾದರೂ ಸಾಗಿಸಬಹುದಾದ ಅಗ್ಗದ ಎಣ್ಣೆಯಿಂದ ನಡೆಯುವ, ಶಾಖವನ್ನು ಹಾಳುಮಾಡದ ಎಂಜಿನ್ ಇರಬೇಕು. ಡೀಸೆಲ್ ಅವರ ಗುರಿ ಇದಾಯಿತು.

ಅದರ ಹಿಂದೆ ಇನ್ನೊಂದು ಆಸೆಯೂ ಇತ್ತು. ಉಗಿಯಂತ್ರ ಇಡಲು ದೊಡ್ಡ ಬಾಯ್ಲರ್, ದೊಡ್ಡ ಕಟ್ಟಡ, ದೊಡ್ಡ ಬಂಡವಾಳ ಬೇಕು. ಆದ್ದರಿಂದ ಸಣ್ಣ ಕೆಲಸಗಾರರು ದೊಡ್ಡ ಕಾರ್ಖಾನೆಗಳ ಮುಂದೆ ಸೋಲುತ್ತಿದ್ದರು. ಬಡಗಿ, ನೇಕಾರ, ಬೀಗ ಮಾಡುವವ ಇಂಥವರ ಕೈಗೂ ಒಂದು ಚಿಕ್ಕ ಎಂಜಿನ್ ಸಿಕ್ಕರೆ ಅವರು ತಮ್ಮ ಊರಿನಲ್ಲೇ ತಮ್ಮ ಕಾಲ ಮೇಲೆ ನಿಲ್ಲಬಹುದು ಎಂದು ಅವರು ನಂಬಿದ್ದರು. ರಟ್ಟು ಕಟ್ಟುವವನ ಮಗ ಹಾಗೆ ಯೋಚಿಸಿದ್ದು ಸಹಜ.

ಗಾಳಿಯನ್ನು ಒತ್ತಿ ಹುಟ್ಟಿಸಿದ ಬೆಂಕಿ

ಓದು ಮುಗಿದ ಮೇಲೆ ಅವರು ಪ್ಯಾರಿಸ್‌ನಲ್ಲಿ ಲಿಂಡೆಯವರ ಐಸ್ ಕಾರ್ಖಾನೆಯ ಕೆಲಸ ನೋಡಿಕೊಂಡರು. 1883ರಲ್ಲಿ ಮಾರ್ತಾ ಫ್ಲಾಶೆ ಅವರನ್ನು ಮದುವೆಯಾದರು. ಮೂವರು ಮಕ್ಕಳಾದರು. 1890ರಲ್ಲಿ ಬರ್ಲಿನ್‌ಗೆ ಹೋದರು. ಹಗಲು ಐಸ್ ಕೆಲಸ, ಉಳಿದ ಹೊತ್ತು ಎಂಜಿನ್ ಯೋಚನೆ. ಅಮೋನಿಯಾ ಆವಿಯಿಂದ ನಡೆಯುವ ಯಂತ್ರವೊಂದನ್ನು ಪರೀಕ್ಷಿಸುವಾಗ ಅದು ಸಿಡಿದು ಅವರು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಇರಬೇಕಾಯಿತು. ಆದರೂ ಬಿಡಲಿಲ್ಲ.

ಅವರ ಉಪಾಯ ಸೈಕಲ್ ಪಂಪ್ ಹಿಡಿದ ಎಲ್ಲರಿಗೂ ಅರ್ಥವಾಗುವಂಥದ್ದು. ಜೋರಾಗಿ ಹವಾ ಹೊಡೆದರೆ ಪಂಪಿನ ತುದಿ ಬಿಸಿಯಾಗುತ್ತದೆ. ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುವುದೇ ಇದಕ್ಕೆ ಕಾರಣ. ಸಿಲಿಂಡರಿನಲ್ಲಿ ಬರೀ ಗಾಳಿಯನ್ನು ಬಹಳ ಬಿಗಿಯಾಗಿ ಒತ್ತಿ, ಕಾದ ಆ ಗಾಳಿಗೆ ಎಣ್ಣೆಯನ್ನು ಬಿಟ್ಟರೆ ಕಿಡಿ ಇಲ್ಲದೆಯೇ ಅದು ಹೊತ್ತಿಕೊಳ್ಳುತ್ತದೆ. ಇಂದಿಗೂ ಡೀಸೆಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲದಿರುವುದು ಇದಕ್ಕೇ.

1893ರಲ್ಲಿ ಅವರಿಗೆ ಪೇಟೆಂಟ್ ಸಿಕ್ಕಿತು. ಆಗ್ಸ್‌ಬರ್ಗ್‌ನ ಯಂತ್ರ ಕಾರ್ಖಾನೆ ಮತ್ತು ಕ್ರುಪ್ ಕಂಪನಿ ಪ್ರಯೋಗದ ಖರ್ಚಿಗೆ ಒಪ್ಪಿದವು. ಅದೇ ವರ್ಷ ಆಗಸ್ಟ್ 10ರಂದು ಮೊದಲ ಪರೀಕ್ಷೆ. ಒತ್ತಡ ತಾಳದೆ ಎಂಜಿನ್ನಿಗೆ ಜೋಡಿಸಿದ್ದ ಅಳತೆಯ ಉಪಕರಣ ಸಿಡಿಯಿತು. ಪ್ರಾಣ ಉಳಿದದ್ದೇ ದೊಡ್ಡದು. 1894ರ ಫೆಬ್ರವರಿ 17ರಂದು ಎಂಜಿನ್ ಮೊದಲ ಸಲ ಸ್ವಂತ ಬಲದಿಂದ ಸುಮಾರು ಒಂದು ನಿಮಿಷ ತಿರುಗಿತು. ಒಂದು ನಿಮಿಷದ ಆ ಓಟವನ್ನು ಕೆಲಸಕ್ಕೆ ಬರುವ ಯಂತ್ರವಾಗಿಸಲು ಇನ್ನೂ ಮೂರು ವರ್ಷ ಹಿಡಿಯಿತು. 1897ರ ಫೆಬ್ರವರಿಯಲ್ಲಿ ಪ್ರೊಫೆಸರ್ ಮೋರಿಟ್ಸ್ ಶ್ರೋಟರ್ ಅಧಿಕೃತ ಪರೀಕ್ಷೆ ನಡೆಸಿದರು. ಎಣ್ಣೆಯ ಶಾಖದಲ್ಲಿ ನೂರಕ್ಕೆ 26.2 ಪಾಲು ಕೆಲಸವಾಗಿ ಬಂದಿತ್ತು. ಬೇರೆ ಯಾವ ಎಂಜಿನ್ನೂ ಆಗ ಅಷ್ಟು ಕೊಡುತ್ತಿರಲಿಲ್ಲ. ಆ ಎಂಜಿನ್ ಈಗ ಮ್ಯೂನಿಕ್‌ನ ವಸ್ತುಸಂಗ್ರಹಾಲಯದಲ್ಲಿದೆ.

ಶೇಂಗಾ ಎಣ್ಣೆಯಿಂದ ಓಡಿದ ಎಂಜಿನ್

ನಮ್ಮ ಜಿಲ್ಲೆಯವರು ಖುಷಿಪಡುವ ಒಂದು ಸಂಗತಿ ಇಲ್ಲಿದೆ. 1900ರಲ್ಲಿ ಪ್ಯಾರಿಸ್‌ನಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಯಿತು. ಅಲ್ಲಿ ಫ್ರೆಂಚ್ ಸರ್ಕಾರದ ಇಚ್ಛೆಯಂತೆ ಒಂದು ಚಿಕ್ಕ ಡೀಸೆಲ್ ಎಂಜಿನ್ನನ್ನು ಶೇಂಗಾ ಎಣ್ಣೆಯಿಂದ ಓಡಿಸಿ ತೋರಿಸಿದರು. ಎಂಜಿನ್ನಿನಲ್ಲಿ ಯಾವ ಬದಲಾವಣೆಯನ್ನೂ ಮಾಡದೆ ಅದು ಓಡಿತು. ಶೇಂಗಾ ಬೆಳೆಯುವ ತಮ್ಮ ಆಫ್ರಿಕಾದ ವಸಾಹತುಗಳಲ್ಲಿ ಇದು ಉಪಯೋಗವಾದೀತೇ ಎಂಬುದು ಫ್ರೆಂಚರ ಯೋಚನೆಯಾಗಿತ್ತು. ಮುಂದೆ 1912ರ ಹೊತ್ತಿಗೆ ಡೀಸೆಲ್ ಅವರೇ ಸಸ್ಯದ ಎಣ್ಣೆಗಳಿಗೆ ಮುಂದೊಂದು ದಿನ ಒಳ್ಳೆಯ ಕಾಲ ಬರಬಹುದು ಎಂದು ಬರೆದರು. ಚಳ್ಳಕೆರೆಯ ಎಣ್ಣೆ ಗಿರಣಿಗಳನ್ನು, ಹಿರಿಯೂರು ಕಡೆಯ ಶೇಂಗಾ ಹೊಲಗಳನ್ನು ನೋಡುತ್ತ ಬೆಳೆದ ನಮಗೆ ಈ ಮಾತು ದೂರದ್ದು ಅನಿಸುವುದಿಲ್ಲ. ಆದರೆ ಯಾರೂ ಇಂದಿನ ಪಿಕಪ್ ಟ್ಯಾಂಕಿಗೆ ಅಡುಗೆ ಎಣ್ಣೆ ಸುರಿಯಬೇಡಿ. ಈಗಿನ ಎಂಜಿನ್ನಿನ ಸೂಕ್ಷ್ಮ ಭಾಗಗಳು ಅದನ್ನು ತಾಳುವುದಿಲ್ಲ.

ಶಾಖದ ಲೆಕ್ಕ ಗೊತ್ತಿತ್ತು, ಹಣದ ಲೆಕ್ಕ ತಪ್ಪಿತು

ಪೇಟೆಂಟ್ ಹಕ್ಕುಗಳ ಮಾರಾಟದಿಂದ ಡೀಸೆಲ್ ಕೆಲವೇ ವರ್ಷಗಳಲ್ಲಿ ಲಕ್ಷಾಧೀಶರಾದರು. ಅಮೆರಿಕದ ಹಕ್ಕನ್ನು ಅಡಾಲ್ಫಸ್ ಬುಷ್ ಎಂಬ ಉದ್ಯಮಿ ಹತ್ತು ಲಕ್ಷ ಮಾರ್ಕ್ ಕೊಟ್ಟು ಕೊಂಡರು. ಆದರೆ ಎಂಜಿನ್ ಇನ್ನೂ ಪಳಗಿರಲಿಲ್ಲ. 1898ರಲ್ಲಿ ಕೆಂಪ್ಟನ್ ಊರಿನ ಬೆಂಕಿಪೊಟ್ಟಣ ಕಾರ್ಖಾನೆಗೆ ಕೊಟ್ಟ ಮೊದಲ ಎಂಜಿನ್ ಪದೇ ಪದೇ ತೊಂದರೆ ಕೊಟ್ಟಿತು. ಬೇರೆ ಕಡೆಗಳಿಂದಲೂ ದೂರುಗಳು ಬಂದವು. ಪೇಟೆಂಟ್ ವಿಚಾರದಲ್ಲಿ ಕೋರ್ಟು ಕಚೇರಿ ಅಲೆದಾಟ, ತಲೆನೋವು, ಆಸ್ಪತ್ರೆ ವಾಸ ಎಲ್ಲವೂ ಒಟ್ಟಿಗೆ ಬಂದವು.

ಈ ನಡುವೆ ಅವರು ಮ್ಯೂನಿಕ್‌ನಲ್ಲಿ ಅರಮನೆಯಂಥ ಮನೆ ಕಟ್ಟಿಸಿದರು. ಜಮೀನು ವ್ಯವಹಾರಗಳಲ್ಲಿ, ಎಣ್ಣೆ ಬಾವಿಗಳಲ್ಲಿ ಹಣ ಹಾಕಿ ಕಳೆದುಕೊಂಡರು. 1903ರಲ್ಲಿ ಕೆಲಸಗಾರರು ಚಿಕ್ಕ ಚಿಕ್ಕ ಮೊತ್ತ ಕೂಡಿಸಿ ಕಾರ್ಖಾನೆಗಳಿಗೆ ತಾವೇ ಒಡೆಯರಾಗುವ ಬಗ್ಗೆ ಒಂದು ಪುಸ್ತಕ ಬರೆದರು. ಎಂಜಿನ್ನಿಗಿಂತ ಅದೇ ತಮ್ಮ ದೊಡ್ಡ ಕೆಲಸ ಎಂಬುದು ಅವರ ನಂಬಿಕೆ. ಜನ ಅದನ್ನು ಓದಲಿಲ್ಲ.

ವಾಣಿಜ್ಯ ವಿದ್ಯಾರ್ಥಿಯಾದ ನನಗೆ ಅವರ ಜೀವನದಲ್ಲಿ ಹೆಚ್ಚು ಕಾಡುವುದು ಈ ಭಾಗ. ಒಂದು ಲೋಟ ಎಣ್ಣೆಯಲ್ಲಿ ಎಷ್ಟು ಶಾಖ ಎಲ್ಲಿ ಹೋಯಿತು ಎಂದು ಅವರು ದಶಾಂಶದವರೆಗೆ ಹೇಳಬಲ್ಲವರಾಗಿದ್ದರು. ತಮ್ಮ ಸಂಪಾದನೆ ಎಲ್ಲಿ ಹೋಗುತ್ತಿದೆ ಎಂಬ ಲೆಕ್ಕ ಮಾತ್ರ ಕೈ ತಪ್ಪಿತು.

1913ರ ಸೆಪ್ಟೆಂಬರ್ 29ರ ಸಂಜೆ ಅವರು ಬೆಲ್ಜಿಯಂನ ಆಂಟ್‌ವರ್ಪ್ ಬಂದರಿನಲ್ಲಿ ಡ್ರೆಸ್ಡನ್ ಎಂಬ ಹಡಗು ಹತ್ತಿದರು. ಇಂಗ್ಲೆಂಡಿನಲ್ಲಿ ಕಂಪನಿಯ ಸಭೆ ಇತ್ತು. ರಾತ್ರಿ ಊಟ ಮಾಡಿ, ಬೆಳಿಗ್ಗೆ ಎಬ್ಬಿಸಲು ಹೇಳಿ ಕೋಣೆಗೆ ಹೋದರು. ಬೆಳಿಗ್ಗೆ ಕೋಣೆಯಲ್ಲಿ ಅವರು ಇರಲಿಲ್ಲ. ಹಾಸಿಗೆಯ ಮೇಲೆ ಮಲಗಿದ ಗುರುತೂ ಇರಲಿಲ್ಲ. ಟೋಪಿ ಮತ್ತು ಮೇಲಂಗಿ ಹಡಗಿನ ಕಂಬಿಯ ಬಳಿ ಸಿಕ್ಕವು. ಹತ್ತು ದಿನದ ಮೇಲೆ ಡಚ್ ದೋಣಿಯೊಂದಕ್ಕೆ ಸಮುದ್ರದಲ್ಲಿ ಒಂದು ಶವ ಕಂಡಿತು. ನಾವಿಕರು ಜೇಬಿನಲ್ಲಿದ್ದ ವಸ್ತುಗಳನ್ನು ತೆಗೆದುಕೊಂಡು ಶವವನ್ನು ನೀರಿಗೇ ಬಿಟ್ಟರು. ಆ ವಸ್ತುಗಳು ತಂದೆಯವೇ ಎಂದು ಮಗ ಯೂಜೆನ್ ಗುರುತಿಸಿದರು. ಆಗ ಡೀಸೆಲ್ ಅವರಿಗೆ 55 ವರ್ಷ. ಆಸ್ತಿಗಿಂತ ಸಾಲವೇ ಹೆಚ್ಚಾಗಿತ್ತು ಎಂಬುದು ಆಮೇಲೆ ಬೆಳಕಿಗೆ ಬಂತು. ಸಾಲದ ಭಾರದಿಂದ ಪ್ರಾಣ ಬಿಟ್ಟರೆಂದು ಬಹಳ ಜನ ಹೇಳುತ್ತಾರೆ. ಅಪಘಾತ ಎನ್ನುವವರಿದ್ದಾರೆ, ಯಾರೋ ಕೊಂದರು ಎನ್ನುವವರೂ ಇದ್ದಾರೆ. ಆ ರಾತ್ರಿಯ ಸತ್ಯ ಅಲ್ಲಾಹನಿಗೇ ಗೊತ್ತು.

ಅವರ ನಂತರ

ತಮ್ಮ ಎಂಜಿನ್ ಸಾಗರ ದಾಟುವುದನ್ನು ಡೀಸೆಲ್ ನೋಡಿದ್ದರು. 1912ರಲ್ಲಿ ಡೆನ್ಮಾರ್ಕಿನ ಸೆಲಾಂಡಿಯಾ ಹಡಗು ಡೀಸೆಲ್ ಎಂಜಿನ್ ಬಲದಿಂದ ಪೂರ್ವ ದೇಶಗಳಿಗೆ ಪಯಣಿಸಿತು. ಆದರೆ ಲಾರಿಗಳಿಗೆ ಅದು ಬಂದದ್ದು ಅವರು ಸತ್ತ ಮೇಲೆ. ಅವರ ಕಾಲದ ಎಂಜಿನ್ ಆಳೆತ್ತರ ಮೀರಿದ ಭಾರಿ ಯಂತ್ರ. ಎಣ್ಣೆಯನ್ನು ಒಳಗೆ ಊದಲು ಬೇರೆ ಕಂಪ್ರೆಸರ್ ಬೇಕಿತ್ತು. ಎಣ್ಣೆಯನ್ನು ನೇರವಾಗಿ ಚಿಮ್ಮಿಸುವ ಪಂಪುಗಳು ಸುಧಾರಿಸಿದ ಮೇಲೆ 1923 ಮತ್ತು 1924ರಲ್ಲಿ ಜರ್ಮನಿಯ ಕಂಪನಿಗಳು ಡೀಸೆಲ್ ಲಾರಿಗಳನ್ನು ತಂದವು. 1936ರಲ್ಲಿ ಮರ್ಸಿಡಿಸ್ ಡೀಸೆಲ್ ಕಾರು ಬಂತು.

ನಮ್ಮ ದೇಶದಲ್ಲಿ ವಿದ್ಯುತ್ ಇಲ್ಲದ ಹಳ್ಳಿಗಳ ಬಾವಿಗಳಿಂದ ನೀರೆತ್ತಿದ್ದು, ಹಿಟ್ಟಿನ ಗಿರಣಿ ತಿರುಗಿಸಿದ್ದು ಇದೇ ಡೀಸೆಲ್ ಎಂಜಿನ್. ಹಳಬರು ಅದನ್ನು ಆಯಿಲ್ ಎಂಜಿನ್ ಎಂದು ಕರೆಯುತ್ತಾರೆ. 1954ರಲ್ಲಿ ಟಾಟಾ ಕಂಪನಿ ಜರ್ಮನಿಯ ಡೈಮ್ಲರ್ ಬೆಂಜ್ ಜೊತೆ ಸೇರಿ ಲಾರಿ ಮಾಡತೊಡಗಿತು. 2005ರಲ್ಲಿ ಟಾಟಾ ಏಸ್ ಬಂತು. ಎರಡೇ ಸಿಲಿಂಡರಿನ ಚಿಕ್ಕ ಡೀಸೆಲ್ ಎಂಜಿನ್ನಿನ ಆ ಗಾಡಿಯನ್ನು ತರಕಾರಿ ವ್ಯಾಪಾರಿ, ಸಣ್ಣ ರೈತ, ಒಂಟಿ ಡ್ರೈವರ್ ಕೊಂಡರು. ಸಣ್ಣ ಮನುಷ್ಯನ ಕೈಗೆ ಚಿಕ್ಕ ಎಂಜಿನ್ ಎಂಬ ಡೀಸೆಲ್ ಅವರ ಆಸೆ ನನ್ನ ಲೆಕ್ಕದಲ್ಲಿ ನಿಜವಾಗಿ ಕೈಗೂಡಿದ್ದು ಇಂತಹ ಗಾಡಿಗಳಲ್ಲಿ.

ಈಗ ನಮ್ಮ ಪ್ರಶ್ನೆ

ಡೀಸೆಲ್ ಗಾಡಿಯ ಬಲ ಎಲ್ಲಿಂದ ಬರುತ್ತದೆ ಎಂದು ಈಗ ಗೊತ್ತಾಯಿತು. ಬಿಗಿಯಾದ ಒತ್ತಡದಿಂದ ಎಣ್ಣೆಯ ಶಾಖ ಹೆಚ್ಚು ಕೆಲಸವಾಗುತ್ತದೆ. ಎಂಜಿನ್ ನಿಧಾನವಾಗಿ ತಿರುಗುವಾಗಲೂ ಎಳೆಯುವ ಶಕ್ತಿ ಇರುತ್ತದೆ. ಪೂರ್ತಿ ಲೋಡ್ ಹಾಕಿ ಏರು ಹತ್ತುವವರಿಗೆ, ದಿನವೂ ದೂರ ಓಡುವವರಿಗೆ ಅದು ಒಳ್ಳೆಯದು. ಡೀಸೆಲ್ ಯಾವ ಊರಿನ ಬಂಕಿನಲ್ಲಾದರೂ ಸಿಗುತ್ತದೆ.

ಆದರೆ ಒತ್ತಡ ತಾಳಲು ಎಂಜಿನ್ ಗಟ್ಟಿಯಾಗಿರಬೇಕು, ಆದ್ದರಿಂದ ಬೆಲೆ ಹೆಚ್ಚು. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ನಿಯಮ ಬಂದ ಮೇಲೆ ಹೊಗೆ ಶುದ್ಧ ಮಾಡುವ ಭಾಗಗಳೂ ಸೇರಿ ಬೆಲೆ ಇನ್ನಷ್ಟು ಏರಿತು. ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುವ ಗಾಡಿ ಆಗಾಗ ಹೆದ್ದಾರಿಯಲ್ಲಿ ಓಡಬೇಕು. ಆ ಬಿಸಿಯಲ್ಲಿ ಮಸಿ ಸುಟ್ಟುಹೋಗುತ್ತದೆ. ಊರೊಳಗೆ ಎರಡೆರಡು ಕಿಲೋಮೀಟರ್ ಓಡಿಸಿ ನಿಲ್ಲಿಸುವವರಿಗೆ ಫಿಲ್ಟರ್ ಕಟ್ಟಿಕೊಳ್ಳುವ ತೊಂದರೆ ಬರಬಹುದು. ಮಾರುತಿ ಕಂಪನಿ ಅದೇ ಏಪ್ರಿಲ್‌ನಿಂದ ಡೀಸೆಲ್ ಗಾಡಿಗಳನ್ನೇ ನಿಲ್ಲಿಸಿತು.

ಗ್ಯಾಸ್ ಗಾಡಿಯಲ್ಲಿ ಹೊಗೆ ಕಡಿಮೆ, ಸದ್ದು ಕಡಿಮೆ, ಕಿಲೋಮೀಟರಿಗೆ ಬೀಳುವ ಇಂಧನದ ಖರ್ಚು ಸಾಮಾನ್ಯವಾಗಿ ಕಡಿಮೆ. ಆದರೆ ಸಿಲಿಂಡರುಗಳ ತೂಕ ಗಾಡಿಯೇ ಹೊರಬೇಕು. ಮೂರು ವರ್ಷಕ್ಕೊಮ್ಮೆ ಸಿಲಿಂಡರ್ ಪರೀಕ್ಷೆ ಮಾಡಿಸಬೇಕು. ಏರಿನಲ್ಲಿ ಎಳೆತ ಡೀಸೆಲ್‌ನಷ್ಟು ಇರುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ಬಂಕ್ ದಾರಿಯಲ್ಲಿ ಸಿಗಬೇಕು. ಹಿರಿಯೂರು, ಚಿತ್ರದುರ್ಗದ ಹೆದ್ದಾರಿಯಲ್ಲಿ ಓಡುವವರ ಮಾತು ಬೇರೆ, ಹೊಸದುರ್ಗದ ಒಳಹಳ್ಳಿಗಳಲ್ಲಿ ಓಡುವವರ ಮಾತು ಬೇರೆ. ಆಟೋ ಎಂಜಿನ್ ಕಾಲದಲ್ಲಿ ಗ್ಯಾಸ್ ಪೈಪ್ ಎಲ್ಲಿದೆ ಎಂದು ಕೇಳುತ್ತಿದ್ದಂತೆ ನಾವು ಬಂಕ್ ಎಲ್ಲಿದೆ ಎಂದು ಕೇಳಬೇಕು.

ಒಂದು ಉದಾಹರಣೆಯ ಲೆಕ್ಕ ನೋಡೋಣ. ಡೀಸೆಲ್ ಗಾಡಿಗೆ ಪೆಟ್ರೋಲ್ ಗಾಡಿಗಿಂತ 1,00,000 ರೂಪಾಯಿ ಹೆಚ್ಚು ಕೊಡಬೇಕು, ಆದರೆ ಕಿಲೋಮೀಟರಿಗೆ 2 ರೂಪಾಯಿ ಉಳಿಯುತ್ತದೆ ಎಂದುಕೊಳ್ಳಿ. ಹೆಚ್ಚು ಕೊಟ್ಟ ಹಣ ವಾಪಸ್ ಬರಲು 50,000 ಕಿಲೋಮೀಟರ್ ಓಡಬೇಕು. ಹಿರಿಯೂರಿನಿಂದ ವಾರಕ್ಕೆ ಮೂರು ಸಲ ಬೆಂಗಳೂರಿಗೆ ಹೋಗಿ ಬರುವವರಿಗೆ, ಸಲಕ್ಕೆ ಸುಮಾರು 320 ಕಿಲೋಮೀಟರ್‌ನಂತೆ, ಅದು ಒಂದೇ ವರ್ಷದ ಓಟ. ಊರಲ್ಲೇ ದಿನಕ್ಕೆ 40 ಕಿಲೋಮೀಟರ್ ಓಡಿಸುವವರಿಗೆ, ವರ್ಷಕ್ಕೆ 300 ದಿನ ಎಂದರೂ, ನಾಲ್ಕು ವರ್ಷ ದಾಟುತ್ತದೆ. ಗ್ಯಾಸ್ ಗಾಡಿಗೂ ಹೀಗೇ ಲೆಕ್ಕ ಹಾಕಬಹುದು. ಬೆಲೆಗಳು ಬದಲಾಗುತ್ತವೆ, ನಿಮ್ಮ ಊರಿನ ಇಂದಿನ ಬೆಲೆ ಹಾಕಿ ನೋಡಿ. ನಾವು ತರಗತಿಯಲ್ಲಿ ಓದುವ ಸ್ಥಿರ ವೆಚ್ಚ, ಬದಲಾಗುವ ವೆಚ್ಚ ಎಂದರೆ ಇದೇ.

ನಮ್ಮ ಮಾಮು ಈ ವರ್ಷ ಗಾಡಿ ಕೊಳ್ಳುವ ಮೊದಲು ಒಂದು ತಿಂಗಳು ತಮ್ಮ ಓಡಾಟವನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರು. ಎಷ್ಟು ಕಿಲೋಮೀಟರ್, ಎಷ್ಟು ಲೋಡ್, ವಾಪಸ್ ಬರುವಾಗ ಗಾಡಿ ಖಾಲಿಯೋ ತುಂಬಿತ್ತೋ ಎಲ್ಲವನ್ನೂ ಬರೆದರು. ಬಡ್ಡಿ ಸಾಲ ಬೇಡ ಎಂಬುದು ಅವರ ನಿಯಮ. ಕೂಡಿಟ್ಟ ಹಣಕ್ಕೆ ಹೊಸ ಡೀಸೆಲ್ ಗಾಡಿ ಬರುತ್ತಿರಲಿಲ್ಲ. ಹಾರ್ಡ್‌ವೇರ್ ಅಂಗಡಿಗಳ ಮಾಲನ್ನು ದುರ್ಗದ ಸುತ್ತಮುತ್ತಲೇ ಮುಟ್ಟಿಸುವುದು ಅವರ ಕೆಲಸ, ಆದ್ದರಿಂದ ಚಿಕ್ಕ ಗ್ಯಾಸ್ ಗಾಡಿ ತೆಗೆದುಕೊಂಡರು. ಅವರ ಗೆಳೆಯರೊಬ್ಬರು ಈರುಳ್ಳಿ ಲೋಡ್ ಹೊಡೆಯುತ್ತಾರೆ, ಅವರು ಸೆಕೆಂಡ್ ಹ್ಯಾಂಡ್ ಡೀಸೆಲ್ ಗಾಡಿ ತೆಗೆದುಕೊಂಡರು. ಇಬ್ಬರ ಆಯ್ಕೆಯೂ ಸರಿ, ಏಕೆಂದರೆ ಇಬ್ಬರ ಕೆಲಸವೂ ಬೇರೆ.

ಸ್ನೇಹಿತರೇ, ರುಡಾಲ್ಫ್ ಡೀಸೆಲ್ ಅವರಿಂದ ಕಲಿಯಬೇಕಾದದ್ದು ಎರಡು. ವ್ಯರ್ಥವಾಗುವುದನ್ನು ಕಂಡು ಸುಮ್ಮನಿರದೆ ಹದಿನೈದು ಇಪ್ಪತ್ತು ವರ್ಷ ಪಟ್ಟು ಹಿಡಿದು ದುಡಿದದ್ದು ಮೊದಲನೆಯದು. ಸಂಪಾದನೆ ಎಷ್ಟೇ ಇರಲಿ, ಖರ್ಚು ಮತ್ತು ಸಾಲದ ಪುಸ್ತಕವನ್ನು ಮುಚ್ಚಿಡಬಾರದು ಎಂಬುದು ಎರಡನೆಯದು. ಈ ಪಾಠಕ್ಕೆ ಅವರು ಕೊಟ್ಟ ಬೆಲೆ ಬಹಳ ದೊಡ್ಡದು. ಪಕ್ಕದ ಮನೆಯವರು ಯಾವ ಗಾಡಿ ಕೊಂಡರು, ಶೋರೂಂನವರು ಏನು ಹೇಳಿದರು ಎಂಬುದನ್ನು ಆಮೇಲೆ ಕೇಳೋಣ. ನಮ್ಮ ದಾರಿ ಎಷ್ಟು ದೂರ, ನಮ್ಮ ಲೋಡ್ ಎಷ್ಟು, ನಮ್ಮ ಕೈಯಲ್ಲಿ ಹಣ ಎಷ್ಟು ಎಂದು ಮೊದಲು ಬರೆದುಕೊಳ್ಳೋಣ. ಮನೆಯಲ್ಲಿ ದೊಡ್ಡವರು ಗಾಡಿಯ ಮಾತು ತೆಗೆದಾಗ ಆ ಲೆಕ್ಕ ಹಾಕಿಕೊಡುವ ಕೆಲಸವನ್ನು ಓದುವ ಮಕ್ಕಳಾದ ನಾವು ಮಾಡಬಹುದು.